ಹಣ್ಣಿಗಿಂತ ಜೊತೆ ದೊಡ್ಡದು

ಆಳಂದ, ಅಫಜಲಪುರ, ಜೇವರ್ಗಿ ತಾಲೂಕು ದವಾಖಾನೆಯಲ್ಲಿ ಡಾಕ್ಟರು ‘ಕಲಬುರಗಿಗೆ ಒಯ್ಯಿರಿ’ ಅಂದರೆ ಅರ್ಧ ಮನೆಯೇ ಹೊರಡುತ್ತದೆ. ಪೇಷಂಟಿಗೆ ಜಿಮ್ಸ್‌ನಲ್ಲಿ ಮಂಚ ಸಿಗುತ್ತದೆ. ಜೊತೆಗೆ ಬಂದವರಿಗೆ ವರಾಂಡವೇ ಮನೆ. ಕಟ್ಟಿಕೊಂಡು ಬಂದ ರೊಟ್ಟಿ ಎರಡು ದಿನಕ್ಕೆ ತೀರುತ್ತದೆ. ಇತ್ತ ಕೂಲಿಯೂ ಇಲ್ಲ. ಯಾವ ಚೀಟಿಗೆ ಯಾವ ಕೌಂಟರ್ ಎಂದು ಕೇಳಲು ಅಂಜಿಕೆ.

ಜಯಂತಿ, ಹುಟ್ಟುಹಬ್ಬ ಬಂದರೆ ದವಾಖಾನೆಯಲ್ಲಿ ಹಣ್ಣು, ಬ್ರೆಡ್ ಹಂಚುವವರು ಬರುತ್ತಾರೆ. ಅದು ತಪ್ಪಲ್ಲ. ಆದರೆ ಫೋಟೊ ಹೊಡೆಸಿಕೊಂಡು ಅವರು ಹೋದ ಮೇಲೂ ಆ ಅವ್ವ ಅದೇ ಚೀಟಿ ಹಿಡಿದು ಅಲ್ಲೇ ನಿಂತಿರುತ್ತಾಳೆ. ಅವಳಿಗೆ ಬೇಕಾಗಿರುವುದು ಬೋರ್ಡು ಓದಿ ಹೇಳಿ, ಜೊತೆಗೆ ನಡೆಯುವ ಒಬ್ಬರು.

ಈ ಸಣ್ಣ ಸಹಾಯದಿಂದ ಒಂದು ಮನೆ ಸಾಲದಿಂದ ಉಳಿಯಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಿದೆ. ಆದರೆ ಆಧಾರ್, ರೇಷನ್ ಕಾರ್ಡ್ ಊರಲ್ಲೇ ಉಳಿದರೆ ಕೆಲಸ ನಿಲ್ಲುತ್ತದೆ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಹಾಗೆಯೇ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯ ಹೆರಿಗೆಗೆ ಔಷಧಿ, ತಪಾಸಣೆ, ಬಾಣಂತಿಯ ಊಟ, ಮನೆಗೆ ಬಿಡುವ ವಾಹನ ಎಲ್ಲವೂ ಉಚಿತ. ಇದು ಗೊತ್ತಿಲ್ಲದವರು ಬಾಡಿಗೆ ಗಾಡಿಗೆ ಸಾಲ ಮಾಡುತ್ತಾರೆ.

ಇದೆಲ್ಲ ತಿಳಿಸಿ ಹೇಳುವುದು ಸರ್ಕಾರದ ಕೆಲಸವಲ್ಲವೇ ಎಂದು ನೀವು ಕೇಳಬಹುದು. ಹೌದು, ಸರ್ಕಾರದ್ದೇ. ಪ್ರತಿ ದವಾಖಾನೆಯಲ್ಲೂ ಸಹಾಯ ಕೇಂದ್ರ ಹಗಲು-ರಾತ್ರಿ ನಡೆಯಲಿ ಎಂದು ನಾವು ಕೇಳುತ್ತಲೇ ಇರಬೇಕು. ಆದರೆ ಇವತ್ತು ಅಡ್ಮಿಟ್ ಆದವರು ಅಲ್ಲಿವರೆಗೆ ಕಾಯಲಾರರು.

ನಮ್ಮ ಊರುಗಳ ಎಷ್ಟೋ ಹುಡುಗ-ಹುಡುಗಿಯರು ಕಲಬುರಗಿಯ ಹಾಸ್ಟೆಲ್‌ಗಳಲ್ಲಿ ಓದುತ್ತಿದ್ದಾರೆ. ಅವರು ವಾರಕ್ಕೆ ಎರಡು ತಾಸು ಕೊಟ್ಟರೆ ಸಾಕು. ಮೊದಲು ಆಸ್ಪತ್ರೆಯ ಅಧಿಕಾರಿಗಳ ಒಪ್ಪಿಗೆ ಪಡೆಯಿರಿ. ಸಿಸ್ಟರ್‌ಗೆ ಕೇಳದೆ ಪೇಷಂಟಿಗೆ ಏನೂ ತಿನ್ನಿಸಬೇಡಿ. ಔಷಧಿಯ ಬಗ್ಗೆ ಸಲಹೆ ಕೊಡಬೇಡಿ. ಯಾರ ಜಾತಿಯನ್ನೂ ಕೇಳಬೇಡಿ, ಯಾರ ಫೋಟೊವನ್ನೂ ತೆಗೆಯಬೇಡಿ.

ಊರಲ್ಲಿರುವವರಿಗೂ ಕೆಲಸವಿದೆ. ದವಾಖಾನೆಗೆ ಹೋದವರ ದನಕ್ಕೆ ಮೇವು ಹಾಕಿ, ಮಕ್ಕಳಿಗೆ ಉಣ್ಣಲು ಕೊಡಿ. ಕಲಬುರಗಿಗೆ ಹೊರಟವರ ಕೈಯಲ್ಲಿ ನಾಲ್ಕು ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ, ಮರೆತು ಹೋದ ರೇಷನ್ ಕಾರ್ಡ್ ಕಳಿಸಿ.