ಊರಿನ ನ್ಯಾಯಾಲಯದಲ್ಲಿ ಉಳಿದ ವಾರಂಟ್: ತಿಳಿದುಕೊಳ್ಳುವ ಬಗೆ

“ನಿಮ್ಮ ಹೆಸರಿನಲ್ಲಿ ಬಂಧನದ ವಾರಂಟ್ ಹೊರಟಿದೆ” ಎಂಬ ದೂರವಾಣಿ ಕರೆ ಈಚಿನ ವರ್ಷಗಳಲ್ಲಿ ಅನೇಕ ಗೃಹಸ್ಥರ ನಿದ್ದೆಗೆಡಿಸಿದೆ. 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರು ‘ಡಿಜಿಟಲ್ ಅರೆಸ್ಟ್’ ಎಂಬ ಈ ವಂಚನೆಯ ಕುರಿತು ಎಚ್ಚರಿಸಿದಾಗ ಕೇಳಿಸಿದ ಸಂಭಾಷಣೆ ನಮ್ಮ ವಿಜಯಪುರದವರೊಬ್ಬರದು. ಇಂಥ ಬಂಧನಕ್ಕೆ ಕಾನೂನಿನಲ್ಲಿ ಆಸ್ಪದವೇ ಇಲ್ಲ. ಕರೆ ಬಂದಲ್ಲಿ 1930ಕ್ಕೆ ತಿಳಿಸತಕ್ಕದ್ದು. ಆದರೂ ವಿದ್ಯಾವಂತರೇ ಬೆದರುತ್ತಾರೆ. ನಿಜವಾದ ವಾರಂಟ್ ಎಲ್ಲಿಂದ ಹೊರಡುತ್ತದೆ, ಅದನ್ನು ಎಲ್ಲಿ ನೋಡಬಹುದು ಎಂಬ ತಿಳಿವಳಿಕೆ ನಮ್ಮಲ್ಲಿ ಕಡಿಮೆ. ನಿಜವಾದ ವಾರಂಟಾದರೋ ಯಾರಿಗೂ ಕರೆ ಮಾಡದೆ ಊರಿನ ನ್ಯಾಯಾಲಯದ ಕಡತದಲ್ಲಿ ವರ್ಷಗಟ್ಟಲೆ ಕುಳಿತಿರಬಲ್ಲುದು.

ಹೊರನಾಡಿನಲ್ಲಿ ನೆಲೆಸಿದ ಕುಟುಂಬಗಳಿಗೆ ಇದು ಹೇಗೆ ಸಂಬಂಧಪಡುತ್ತದೆಂಬುದಕ್ಕೆ ಚೆಕ್ ಅಮಾನ್ಯದ ಪ್ರಕರಣಗಳೇ ನಿದರ್ಶನ. 2015ರ ತಿದ್ದುಪಡಿಯ ಪ್ರಕಾರ, ಖಾತೆಗೆ ಜಮಾ ಮಾಡಲು ಕೊಟ್ಟ ಚೆಕ್ ಮರಳಿದರೆ, ಹಣ ಪಡೆಯಬೇಕಾದವರ ಬ್ಯಾಂಕ್ ಶಾಖೆ ಎಲ್ಲಿದೆಯೋ ಅಲ್ಲಿಯ ನ್ಯಾಯಾಲಯದಲ್ಲಿ ದೂರು ದಾಖಲಾಗುತ್ತದೆ. ಥಾಣೆಯ ಹೋಟೆಲ್ ಮಾಲೀಕರೊಬ್ಬರು ಊರಿನ ಮನೆ ಕಟ್ಟಿದ ಗುತ್ತಿಗೆದಾರರಿಗೆ ಚೆಕ್ ಕೊಟ್ಟರೆನ್ನಿ. ಅದು ಕುಂದಾಪುರದ ಶಾಖೆಯಿಂದ ಮರಳಿದರೆ ಮೊಕದ್ದಮೆ ನಡೆಯುವುದು ಕುಂದಾಪುರದಲ್ಲಿ. ಸಮನ್ಸ್ ಹೋಗುವುದು ದೂರಿನಲ್ಲಿ ನಮೂದಿಸಿದ ವಿಳಾಸಕ್ಕೆ; ಅದು ಬೀಗ ಹಾಕಿದ ತರವಾಡು ಮನೆಯಾಗಿರಬಹುದು, ಇಪ್ಪತ್ತು ವರ್ಷಗಳ ಹಿಂದೆ ಬಿಟ್ಟುಬಂದ ಚಾಳಿನ ಖೋಲಿಯಾಗಿರಬಹುದು. ಮೊದಲು ಸಮನ್ಸ್, ಆನಂತರ ಜಾಮೀನುಸಹಿತ ವಾರಂಟ್, ಕೊನೆಗೆ ಜಾಮೀನುರಹಿತ ವಾರಂಟ್ ಎಂಬ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ವಿವರಿಸಿದೆ. ತಲುಪದ ಕಾಗದಗಳ ಮೇಲೆಯೂ ಈ ಮೂರು ಮೆಟ್ಟಿಲುಗಳನ್ನು ಏರಿಬಿಡಬಹುದು. ಬಂಧುವಿಗೆ ಜಾಮೀನು ನಿಂತವರು, ಹಳೆಯ ಅಪಘಾತಕ್ಕೆ ಸಾಕ್ಷಿಯಾದವರು ಕೂಡ ಇದರಿಂದ ಹೊರತಲ್ಲ.

ಕಾಲ ಕಳೆದರೆ ವಾರಂಟ್ ತಾನಾಗಿಯೇ ಸತ್ತುಹೋಗುತ್ತದೆಂಬುದು ತಪ್ಪು ಕಲ್ಪನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಮಿನಂತೆ, ಅದನ್ನು ಹೊರಡಿಸಿದ ನ್ಯಾಯಾಲಯ ರದ್ದುಪಡಿಸುವವರೆಗೆ ಅಥವಾ ಅದು ಜಾರಿಯಾಗುವವರೆಗೆ ಊರ್ಜಿತವಾಗಿರುತ್ತದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿಯೂ ಹೀಗೆಯೇ ಇತ್ತು.

ಅಮೆರಿಕದ ಅನೇಕ ಕೌಂಟಿಗಳಲ್ಲಿ ಶೆರೀಫರ ಕಚೇರಿಯೇ ಜಾರಿಯಾಗದ ವಾರಂಟುಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ದೇಶಕ್ಕೆಲ್ಲ ಅನ್ವಯಿಸುವ ಅಂಥ ಸಾರ್ವಜನಿಕ ಪಟ್ಟಿ ನಮ್ಮಲ್ಲಿಲ್ಲ. ಆದುದರಿಂದ ಮೊದಲು ಪ್ರಕರಣವನ್ನು ಹುಡುಕಬೇಕು, ಅದರೊಳಗೆ ವಾರಂಟನ್ನು ನೋಡಬೇಕು. ಇದಕ್ಕೆ ಇ-ಕೋರ್ಟ್ಸ್ ಜಾಲತಾಣವಿದೆ, ಶುಲ್ಕವಿಲ್ಲ. ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಇವನ್ನು ಆರಿಸಿ, ಕಕ್ಷಿದಾರರ ಹೆಸರು ಹಾಗೂ ನೋಂದಣಿಯ ವರ್ಷವನ್ನು ಕೊಟ್ಟರೆ ಪ್ರಕರಣಗಳು ಕಾಣಿಸುತ್ತವೆ. ನಾವು ವಾಸಿಸುವ ನಗರದ ಜೊತೆಗೆ ಹುಟ್ಟೂರು, ಆಸ್ತಿ ಇರುವ ಊರು, ವ್ಯವಹಾರ ನಡೆಸಿದ ಊರು, ಹೀಗೆ ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕಾಗುತ್ತದೆ. ವರ್ಷವನ್ನೂ ಒಂದೊಂದಾಗಿ ಬದಲಿಸಬೇಕು. ಬೇಸರದ ಕೆಲಸವೇ ಸರಿ.

ನಮ್ಮ ಹೆಸರುಗಳೇ ಇಲ್ಲಿ ದೊಡ್ಡ ತೊಡಕು. ಶೆಟ್ಟಿ, ಪೂಜಾರಿ, ಕುಲಕರ್ಣಿ ಎಂಬ ಹೆಸರುಗಳನ್ನು ಆಂಗ್ಲ ಅಕ್ಷರಗಳಲ್ಲಿ ಬರೆಯುವ ರೀತಿ ಒಂದೇ ಇಲ್ಲ. ಊರಿನಲ್ಲಿ ತಂದೆಯ ಅಥವಾ ಊರಿನ ಹೆಸರಿನ ಮೊದಲಕ್ಷರ ಮುಂದೆ ಬಂದರೆ, ಮುಂಬಯಿಯಲ್ಲಿ ತಂದೆಯ ಹೆಸರು ನಡುವೆ ಸೇರಿಕೊಳ್ಳುತ್ತದೆ. ಪೂರ್ಣ ಹೆಸರಿಗೆ ಬದಲು ಮೊದಲ ಕೆಲವು ಅಕ್ಷರಗಳಿಂದ ಹುಡುಕುವುದು ಲೇಸು. ಪ್ರಕರಣ ಸಿಕ್ಕಾಗ ಅದರ ಹದಿನಾರು ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ, ಮುಂದೆ ಅದೊಂದೇ ಸಾಕು. ಒಳಗಿನ ಪ್ರತಿ ತಾರೀಖಿನ ಟಿಪ್ಪಣಿಯಲ್ಲಿ ‘ಎನ್.ಬಿ.ಡಬ್ಲ್ಯು.’ ಎಂದಿದ್ದರೆ ಅದು ಜಾಮೀನುರಹಿತ ವಾರಂಟ್. ಆರೋಪಿಗಳಲ್ಲಿ ಕೆಲವರು ಮಾತ್ರ ಹಾಜರಾಗದಿದ್ದಾಗ ಅವರ ಮಟ್ಟಿಗೆ ಪ್ರಕರಣವನ್ನು ಬೇರ್ಪಡಿಸಿ ಹೊಸ ಸಂಖ್ಯೆ ಕೊಡುವುದುಂಟು. ಮೂಲ ಪ್ರಕರಣ ಇತ್ಯರ್ಥವಾಯಿತೆಂದು ನೆಮ್ಮದಿಯಿಂದಿರುವವರು ಇದನ್ನು ಗಮನಿಸತಕ್ಕದ್ದು.

ಹಾಗೆಂದು ಗಣಕಯಂತ್ರದ ಪರದೆಯೇ ಅಂತಿಮವಲ್ಲ. ನಮೂದುಗಳು ತಡವಾಗುತ್ತವೆ, ಸೂಕ್ಷ್ಮ ಪ್ರಕರಣಗಳ ವಿವರ ಕಾಣಿಸದಿರಬಹುದು, ಹೆಸರು ಹೊಂದಿದ ಮಾತ್ರಕ್ಕೆ ವ್ಯಕ್ತಿ ನಾವೇ ಎನ್ನಲೂ ಆಗದು. ಗಂಭೀರ ಸ್ವರೂಪದ ಅಪರಾಧಗಳಲ್ಲಿ ಪೊಲೀಸರಿಗೆ ವಾರಂಟಿನ ಅಗತ್ಯವೂ ಇಲ್ಲ. ಅಂಥ ಸಂಶಯವಿದ್ದರೆ ರಾಜ್ಯ ಪೊಲೀಸ್ ಜಾಲತಾಣದಲ್ಲಿ ಪ್ರಥಮ ವರ್ತಮಾನ ವರದಿಯನ್ನು ನೋಡಬೇಕು. ಸೂಕ್ಷ್ಮವಾದವುಗಳನ್ನು ಬಿಟ್ಟು ಉಳಿದವನ್ನು ಪ್ರಕಟಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಆದೇಶಿಸಿದೆ. ಖಚಿತ ಮಾಹಿತಿ ಬೇಕಾದರೆ ಆ ಊರಿನ ವಕೀಲರ ಮೂಲಕ ಕಡತ ಪರಿಶೀಲಿಸಿ ದೃಢೀಕೃತ ನಕಲು ಪಡೆಯುವುದೇ ದಾರಿ. ವಿಷಯವನ್ನು ಮುಂದೂಡಿದರೆ ಪಾಸ್‌ಪೋರ್ಟ್ ವೇಳೆ ಅದು ಎದುರಾಗುತ್ತದೆ: 1967ರ ಪಾಸ್‌ಪೋರ್ಟ್ ಕಾಯಿದೆಯ 6ನೇ ಕಲಮಿನಲ್ಲಿ, ನ್ಯಾಯಾಲಯ ಸಮನ್ಸ್ ಅಥವಾ ವಾರಂಟ್ ಹೊರಡಿಸಿರುವುದು ಪಾಸ್‌ಪೋರ್ಟ್ ನಿರಾಕರಣೆಗೆ ಒಂದು ಕಾರಣ. ಮಗಳ ಬಾಣಂತನಕ್ಕೆಂದು ವಿದೇಶಕ್ಕೆ ಹೊರಟು ನಿಂತ ಹಿರಿಯರಿಗೆ ಇದಕ್ಕಿಂತ ಕೆಟ್ಟ ಸಮಯ ಬೇರೆ ಯಾವುದಿದೆ?

ವಾರಂಟ್ ಇರುವುದು ಖಚಿತವಾದರೆ, ಅದನ್ನು ಹೊರಡಿಸಿದ ನ್ಯಾಯಾಲಯಕ್ಕೇ ವಕೀಲರ ಮೂಲಕ ಹಿಂಪಡೆಯುವ ಅರ್ಜಿ ಸಲ್ಲಿಸಬೇಕು. ಏಳು ವರ್ಷಕ್ಕೆ ಮೀರದ ಶಿಕ್ಷೆಯ ಅನೇಕ ಪ್ರಕರಣಗಳಲ್ಲಿ, ಮುಂದಿನ ತಾರೀಖಿಗೆ ಖುದ್ದಾಗಿ ಬರುವೆನೆಂಬ ಮುಚ್ಚಳಿಕೆಯ ಮೇಲೆ, ಆ ದಿನ ಹಾಜರಿಗೆ ಒತ್ತಾಯಿಸದೆಯೇ ಜಾಮೀನುರಹಿತ ವಾರಂಟನ್ನು ರದ್ದುಪಡಿಸಲು ಅಥವಾ ಸಡಿಲಿಸಲು ಸರ್ವೋಚ್ಚ ನ್ಯಾಯಾಲಯದ 2022ರ ತೀರ್ಪು ಅವಕಾಶ ನೀಡಿದೆ. ವಿಳಾಸ ತಪ್ಪಾಗಿತ್ತೆಂಬುದಕ್ಕೆ ಹಳೆಯ ಪಡಿತರ ಚೀಟಿ, ಬಾಡಿಗೆ ಕರಾರು ಇದ್ದರೆ ಜೊತೆಗಿರಲಿ.

ರದ್ದಾದ ಮೇಲೂ ಒಂದು ಕೆಲಸ ಉಳಿದಿದೆ. ಮುಂಬಯಿಯ ನ್ಯಾಯವಾದಿಯೊಬ್ಬರನ್ನು 2002ರ ಆಗಸ್ಟ್ 15ರಂದು ಬಂಧಿಸಲಾಯಿತು. ಆ ವಾರಂಟ್ ಕೆಲವು ದಿನಗಳ ಮೊದಲೇ ರದ್ದಾಗಿತ್ತು. ಅವರ ಪ್ರಕರಣದಲ್ಲಿ 2011ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯ, ಪ್ರತಿ ವಾರಂಟನ್ನೂ ನ್ಯಾಯಾಲಯ ಮತ್ತು ಪೊಲೀಸ್ ಠಾಣೆಯ ವಹಿಗಳಲ್ಲಿ ನಮೂದಿಸಬೇಕೆಂದು ವಿಧಿಸಿತು. ಕಾನೂನು ಬಲ್ಲವರ ಪಾಡೇ ಹೀಗಿದ್ದ ಮೇಲೆ, ರದ್ದತಿ ಆದೇಶದ ದೃಢೀಕೃತ ನಕಲೊಂದನ್ನು ಸಂಬಂಧಪಟ್ಟ ಠಾಣೆಗೆ ಕೊಟ್ಟು ಸ್ವೀಕೃತಿಯ ಮುದ್ರೆ ಪಡೆಯಬೇಕು. ಇನ್ನೊಂದು ಊರಿಗೆ ಹೋಗುವಾಗಲೆಲ್ಲ ಚೀಲದಲ್ಲಿರಬೇಕು.