ಕೋವಿಯ ಮರೆಯಲ್ಲಿ ಅಡಗಿದ ತುಕ್ಕು



ನಿಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರನ್ನು ಒಮ್ಮೆ ಸರಿಸಿ ನೋಡಿ. ನೆಲದ ಮೇಲೆ ಕಂದು ಬಣ್ಣದ ಒಂದು ಉಂಗುರ ಇರುತ್ತದೆ. ಅಮ್ಮ ಎಷ್ಟು ಉಜ್ಜಿದರೂ ಹೋಗದು. ಸಿಲಿಂಡರಿನ ಮೈ ಕೆಂಪಗೆ ಚೆನ್ನಾಗಿಯೇ ಕಾಣುತ್ತದೆ. ನೀರು ಆರದೆ ನಿಲ್ಲುವ ಬುಡದಲ್ಲಿ ಮಾತ್ರ ತುಕ್ಕು. ಕೊಲಾಬಾದಿಂದ ಡೊಂಬಿವಲಿಯವರೆಗೆ ಈ ಉಂಗುರವಿಲ್ಲದ ಮನೆಯನ್ನು ನಾನಂತೂ ಕಂಡಿಲ್ಲ. ಕೆಲವು ವರ್ಷಗಳ ಹಿಂದೆ ಕೊಡಗಿನ ನಮ್ಮ ಒಕ್ಕದ ಮನೆಯಲ್ಲಿ ಅಜ್ಜನ ಕೋವಿಯನ್ನು ಬಿಚ್ಚಿದಾಗ ನನಗೆ ನೆನಪಾದದ್ದು ಈ ಉಂಗುರವೇ.

ನಿಮ್ಮಲ್ಲಿ ಕೊಡವರಲ್ಲದವರೂ ಇದ್ದೀರಿ, ಆದ್ದರಿಂದ ಎರಡು ಮಾತು. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ 3ರ ಸುಮಾರಿಗೆ, ಕೈಲ್ ಪೊಳ್ದ್ ಬರುತ್ತದೆ. ಅಂದು ಕೋವಿ, ಒಡಿಕತ್ತಿ, ಪೀಚೆಕತ್ತಿಗಳಿಗೆ ಪೂಜೆ. ಅಗ್ನಿಶಿಖೆಯ ಹೂವನ್ನು ಕೊಡವರು ತೋಕ್ ಪೂ, ಎಂದರೆ ಕೋವಿ ಹೂ, ಎನ್ನುವುದು ಇದೇ ಕಾರಣಕ್ಕೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ 1861ರಷ್ಟು ಹಿಂದಿನದು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಹಕ್ಕು ಹುಟ್ಟಿನಿಂದ ಬಂತು, ಸರಿ. ಅದನ್ನು ಒರೆಸುವ ವಿದ್ಯೆ ಹುಟ್ಟಿನಿಂದ ಬರಲಿಲ್ಲವಲ್ಲ!

ನನ್ನದೇ ಕಥೆ ಕೇಳಿ. ಪ್ರತಿ ವರ್ಷ ಮುಂಬಯಿಯಿಂದ ಹೋಗಿ ಆ ಕೇಪಿನ ಕೋವಿಗೆ ತೆಂಗಿನೆಣ್ಣೆ ಹಚ್ಚಿ ಫಳಫಳ ಹೊಳೆಯಿಸುತ್ತಿದ್ದವನು ನಾನೇ. ಎಲ್ಲರೂ ಭೇಷ್ ಎನ್ನುತ್ತಿದ್ದರು. ಆ ವರ್ಷ ಕೋವಿ ರಿಪೇರಿ ಬಲ್ಲ ಹಿರಿಯರೊಬ್ಬರು ಆಣಿಗಳನ್ನು ತೆಗೆದು ನಳಿಗೆಯನ್ನು ಮರದಿಂದ ಎತ್ತಿದರು. ಮೇಲ್ಭಾಗ ಕನ್ನಡಿ, ಕೆಳಭಾಗ ಸಿಡುಬು ಎದ್ದ ಮುಖ. ಉಗುರು ಹೋಗುವಷ್ಟು ಗುಳಿಗಳು. "ಇದರಲ್ಲಿ ಇನ್ನು ಗುಂಡು ಹಾರಿಸಬೇಡಿ" ಎಂದರು. ತೆಳುವಾದ ನಳಿಗೆ ಸಿಡಿದರೆ ಹಿಡಿದವನ ಎಡಗೈಯೇ ಹೋಗುತ್ತದೆ.

ಆದದ್ದು ಇಷ್ಟು. ಮರ ತೇವವನ್ನು ಹೀರಿ ನಿಧಾನವಾಗಿ ಬಿಡುತ್ತದೆ. ಕೊಡಗಿನ ಮಳೆಗಾಲದಲ್ಲಿ ಮರಕ್ಕೂ ನಳಿಗೆಗೂ ನಡುವಿನ ಸಂದು ತಿಂಗಳುಗಟ್ಟಲೆ ಆರುವುದಿಲ್ಲ. ಅದರ ಮೇಲೆ ಕರಿಮದ್ದಿನ ಮಸಿ. ಪೆಟ್ಲುಪ್ಪು, ಗಂಧಕ, ಇದ್ದಿಲು ಸುಟ್ಟಾಗ ಅರ್ಧಕ್ಕೂ ಹೆಚ್ಚು ಭಾಗ ಘನಪದಾರ್ಥವಾಗಿ ಉಳಿಯುತ್ತದೆ. ಅದರಲ್ಲಿರುವ ಲವಣಗಳು ಗಾಳಿಯ ನೀರನ್ನು ಎಳೆದುಕೊಳ್ಳುತ್ತವೆ. ಎಣ್ಣೆಯಲ್ಲಿ ಇವು ಕರಗುವುದಿಲ್ಲ, ನೀರಿನಲ್ಲೇ ಕರಗಬೇಕು. ಕಬ್ಬಿಣಕ್ಕೆ ನೀರೇ ಎಂದು ಹುಬ್ಬೇರಿಸಬೇಡಿ. ಗುಂಡು ಹೊಡೆದ ದಿನವೇ ಬಿಸಿನೀರು, ಸೋಪಿನಿಂದ ನಳಿಗೆಯ ಒಳಗನ್ನು ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ. ತೆಂಗಿನೆಣ್ಣೆ ಅಲ್ಲ, ಅದು ಕಮಟಿ ಅಂಟಾಗುತ್ತದೆ. ಹೊಲಿಗೆ ಮೆಶಿನ್ನಿನ ಎಣ್ಣೆ ಎಷ್ಟೋ ಮೇಲು.

ಬಿಚ್ಚುವ ಮೊದಲು ಒಂದು ವಿಷಯ. ಕೋವಿ ಖಾಲಿಯೇ ಎಂದು ಮನೆಯ ಹಿರಿಯರಿಂದ ನೋಡಿಸಿ. ಕೇಪಿನ ಕೋವಿಯಲ್ಲಿ ಹಳೇ ಮದ್ದು ವರ್ಷಗಟ್ಟಲೆ ಕುಳಿತಿರಬಹುದು. ಗಜವನ್ನು ಒಳಗಿಳಿಸಿ, ಅದು ಎಷ್ಟು ಇಳಿಯಿತೆಂದು ಹೊರಗಿನಿಂದ ನಳಿಗೆಯ ಉದ್ದಕ್ಕೆ ಹಿಡಿದರೆ ತಿಳಿಯುತ್ತದೆ.

ನಳಿಗೆಯ ಅಡಿಭಾಗಕ್ಕೂ ಲಾಕಿನ ತಗಡಿನ ಒಳಮೈಗೂ ಜೇನುಮೇಣ ಬೆರೆಸಿದ ಗ್ರೀಸನ್ನು ತೆಳ್ಳಗೆ ಸವರಬೇಕು. ಮೇಣ ಹರಿದುಹೋಗುವುದಿಲ್ಲ, ನೀರನ್ನೂ ಒಳಗೆ ಬಿಡುವುದಿಲ್ಲ. ತಿರುಪುಗಳ ಎಳೆಗೂ ಒಂದಿಷ್ಟು. ಲಾಕಿನ ಸ್ಪ್ರಿಂಗಿಗೆ ಮಾತ್ರ ಒಂದು ಹನಿ ಎಣ್ಣೆ ಸಾಕು. ಧಾರಾಳವಾಗಿ ಸುರಿದರೆ ಕೋವಿಯನ್ನು ನೆಟ್ಟಗೆ ನಿಲ್ಲಿಸಿದಾಗ ಎಣ್ಣೆಯೆಲ್ಲ ಕೆಳಗಿಳಿದು ಮರ ಮೆತ್ತಗಾಗುತ್ತದೆ. ಕೆಲವು ದಿನ ಬಾಯಿ ಕೆಳಗಾಗಿಟ್ಟರೆ ಒಳ್ಳೆಯದು. ಸ್ಯಾಂಡ್‌ಪೇಪರ್ ಮುಟ್ಟಲೇಬಾರದು. ಚರ್ಮದ ಚೀಲದಲ್ಲಿ ವರ್ಷವಿಡೀ ಕಟ್ಟಿಡುವುದೂ ತಪ್ಪು. ಅದು ತೇವ ಹಿಡಿಯುತ್ತದೆ. ಬರಿಗೈಯ ಬೆವರಿನ ಉಪ್ಪಿನಿಂದ ಬೆರಳಚ್ಚು ಕೂಡ ತುಕ್ಕಾಗಿ ಮೂಡುತ್ತದೆ. ಲೋಕಲ್ ಟ್ರೇನಿನ ಕಂಬಿ ಹಿಡಿದ ಕೈ ನಮ್ಮದು, ಬೆವರಿಗೇನು ಬರವೇ? ಅಂದ ಹಾಗೆ, ನಳಿಗೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂವನ್ನು ಸಂಜೆಯೇ ತೆಗೆಯಿರಿ. ಹಸಿ ತೊಟ್ಟು ಎಂದರೂ ನೀರೇ.

ಅಜ್ಜನ ಕೋವಿ ಈಗ ಪೂಜೆಗೆ ಮಾತ್ರ. ತೆಂಗಿನಕಾಯಿಗೆ ಗುಂಡು ಹೊಡೆಯಲು ಚಿಕ್ಕಪ್ಪನ ತೋಟೆ ಕೋವಿ ಇದೆ. ಈ ಸಲ ಅದರ ಮರ ಬಿಚ್ಚುವಾಗ ಮುಲುಂಡಿನಲ್ಲೇ ಹುಟ್ಟಿ ಬೆಳೆದ ನನ್ನ ಮಗಳೂ ಜೊತೆಗಿದ್ದಳು. ತಿರುಪುಗಳನ್ನು ಎಣಿಸಿ ಬೋಗುಣಿಯಲ್ಲಿ ಇಟ್ಟವಳು ಅವಳೇ.