ಮುಖ ನೋಡಿ ಮಣೆ

ಉದ್ಯೋಗವನ್ನರಸುವ ತರುಣನು ಬಿಳಿಯ ಕಾಗದದ ಮೇಲೆ ತನ್ನ ಹೆಸರು, ಊರು, ತೇರ್ಗಡೆಯಾದ ಪರೀಕ್ಷೆಗಳನ್ನು ಬರೆದು, ಕೆಳಗೆ ರುಜು ಮಾಡಿ, ಅಂಚೆಗೆ ಹಾಕಿ ಉತ್ತರದ ಹಾದಿ ಕಾಯುತ್ತಿದ್ದ ಕಾಲವು ಹಿಂದಾಯಿತು. ಖಾಸಗಿ ಸಂಸ್ಥೆಗಳಲ್ಲಿ ನೌಕರಿ ಬೇಡುವವರಿಗೆ ಈಗ ಹೊಸದೊಂದು ಉಪದೇಶವು ನಡೆದಿದೆ. ಒಂದೊಂದು ಹುದ್ದೆಗೂ ಅರ್ಜಿಗಳು ರಾಶಿ ಬೀಳುತ್ತಿರುವುದರಿಂದ ಕಾಗದವನ್ನು ಓದುವ ವ್ಯವಧಾನ ಯಾರಿಗೂ ಇಲ್ಲವಂತೆ. ಆದಕಾರಣ 60 ಅಥವಾ 90 ಸೆಕೆಂಡುಗಳ ವಿಡಿಯೋ ಒಂದರಲ್ಲಿ ಮುಖ ತೋರಿಸಿ, ನಗುತ್ತ ತಮ್ಮ ಪರಿಚಯವನ್ನು ತಾವೇ ಹೇಳಿಕೊಂಡರೆ ಗುಂಪಿನಲ್ಲಿ ಎದ್ದು ಕಾಣಬಹುದಂತೆ. ಹೊಸದೆಂಬ ಮಾತ್ರಕ್ಕೆ ಯಾವುದನ್ನೂ ಹಳಿಯುವವರು ನಾವಲ್ಲ. ಆದರೂ ಎದ್ದು ಕಾಣುವುದು ಅಭ್ಯರ್ಥಿಯ ಯೋಗ್ಯತೆಯೋ, ಅವನ ಮುಖವೋ ಎಂಬುದನ್ನು ವಿಚಾರಿಸದೆ ಈ ಉಪದೇಶಕ್ಕೆ ತಲೆದೂಗಲು ನಾವು ಸಿದ್ಧರಿಲ್ಲ.

ಈ ಪದ್ಧತಿಯು ಹೆಚ್ಚಾಗಿ ಬೆಳೆದುಬಂದುದು ಅಮೇರಿಕೆಯಲ್ಲಿ. 2006ರಲ್ಲಿ ಅಲ್ಲಿನ ವಿದ್ಯಾರ್ಥಿಯೊಬ್ಬನು ತಾನು ಭಾರ ಎತ್ತುವುದನ್ನೂ, ಟೆನಿಸ್ ಆಡುವುದನ್ನೂ, ನರ್ತಿಸುವುದನ್ನೂ ಚಿತ್ರಿಸಿ ಸ್ವಿಟ್ಜರ್ಲೆಂಡಿನ ಬ್ಯಾಂಕೊಂದಕ್ಕೆ ಅರ್ಜಿಯೊಡನೆ ಕಳುಹಿದನು. ಅದು ಅಂತರಜಾಲಕ್ಕೆ ಹರಿದು ಲೋಕವೆಲ್ಲ ನೋಡಿ ನಕ್ಕಿತು. ಕಾಗದದ ಅರ್ಜಿಯಲ್ಲಿ ಅತ್ಯುಕ್ತಿಯಿದ್ದರೆ ಅದು ಕಸದ ಬುಟ್ಟಿಗೆ ಬೀಳುವುದು, ಅಷ್ಟೆ. 2021ರ ಜುಲೈ ತಿಂಗಳಲ್ಲಿ ಟಿಕ್‌ಟಾಕ್ ಸಂಸ್ಥೆಯು ಚಿಪೋಟ್ಲೆ, ಟಾರ್ಗೆಟ್, ಶಾಪಿಫೈ ಮೊದಲಾದ ಕಂಪನಿಗಳನ್ನು ಕೂಡಿಕೊಂಡು ವಿಡಿಯೋ ಅರ್ಜಿಗಳ ಪ್ರಯೋಗವನ್ನೇ ನಡೆಸಿತು. ಆ ಟಿಕ್‌ಟಾಕನ್ನು ನಮ್ಮ ಸರಕಾರವು ಅದಕ್ಕೆ ಒಂದು ವರುಷ ಮೊದಲೇ, 2020ರ ಜೂನಿನಲ್ಲಿ, ನಿಷೇಧಿಸಿತ್ತು. ಆದರೆ ಪದ್ಧತಿಗೆ ನಿಷೇಧವುಂಟೆ?

ಸಾವಿರ ಅರ್ಜಿಗಳನ್ನು ಓದಲಾರದವನು ಸಾವಿರ ವಿಡಿಯೋಗಳನ್ನು ಹೇಗೆ ನೋಡಿಯಾನು? ನೋಡಲಾರನು, ಆದ್ದರಿಂದ ನೋಡುವ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಿದರು. ಹೈರ್‌ವ್ಯೂ ಎಂಬ ಅಮೇರಿಕನ್ ಸಂಸ್ಥೆಯ ತಂತ್ರಾಂಶವು ಉತ್ತರ ಹೇಳುವವರ ಮುಖಚರ್ಯೆಯನ್ನು ಅಳೆದು ಅಂಕ ಕೊಡುತ್ತಿತ್ತು. 2019ರ ನವಂಬರಿನಲ್ಲಿ ಎಪಿಕ್ ಎಂಬ ಸಾರ್ವಜನಿಕ ಹಿತರಕ್ಷಣಾ ಸಂಸ್ಥೆಯು ಇದರ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನಿಗೆ ದೂರು ಕೊಟ್ಟಿತು. ಮುಖದ ಅಳತೆಯನ್ನು ಕೈಬಿಟ್ಟಿರುವುದಾಗಿ 2021ರ ಜನವರಿಯಲ್ಲಿ ಹೈರ್‌ವ್ಯೂ ತಾನೇ ಸಾರಬೇಕಾಯಿತು. ಅದೇ ವರುಷ ಜರ್ಮನಿಯ ಬವೇರಿಯಾ ಪ್ರಾಂತದ ಬಾನುಲಿ ಸಂಸ್ಥೆಯ ಪತ್ರಕರ್ತರು ಇಂಥದೇ ಇನ್ನೊಂದು ತಂತ್ರಾಂಶವನ್ನು ಪರೀಕ್ಷಿಸಿದರು. ನಟಿಯೊಬ್ಬಳು ಅದೇ ಮಾತುಗಳನ್ನು ಅದೇ ಧಾಟಿಯಲ್ಲಿ ಹೇಳಿದಳು. ಒಮ್ಮೆ ಕನ್ನಡಕ ಧರಿಸಿ, ಒಮ್ಮೆ ತಲೆಗೆ ವಸ್ತ್ರ ಸುತ್ತಿ. ಪ್ರತಿ ಸಲವೂ ಅವಳ ಸ್ವಭಾವದ ಅಂಕಗಳು ಬದಲಾದವು. ಬೆನ್ನ ಹಿಂದೆ ಪುಸ್ತಕದ ಕಪಾಟು ಕಾಣಿಸಿದರೂ ಯಂತ್ರದ ಅಭಿಪ್ರಾಯವು ಬದಲಾಯಿತು. ಮುಖ ನೋಡಿ ಮಣೆ ಹಾಕುವ ನಮ್ಮ ಹಳೆಯ ದುರಭ್ಯಾಸವನ್ನು ಯಂತ್ರವು ಇಷ್ಟು ಬೇಗ ಕಲಿತುಕೊಂಡುದಕ್ಕೆ ನಗಬೇಕೋ ಅಳಬೇಕೋ ತಿಳಿಯದು.

ಯಂತ್ರವಿಲ್ಲದೆ ಮನುಷ್ಯನೇ ನೋಡಿದರೆ ನ್ಯಾಯ ದೊರಕುವುದೆಂದು ನಂಬುವುದಕ್ಕೂ ಆಧಾರವಿಲ್ಲ. 2004ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು, ಅವರಲ್ಲಿ ಒಬ್ಬರು ಭಾರತೀಯ ಮೂಲದ ಸೆಂಧಿಲ್ ಮುಲ್ಲೈನಾಥನ್, ಬೋಸ್ಟನ್ ಮತ್ತು ಶಿಕಾಗೊ ನಗರಗಳಲ್ಲಿ ತಾವು ನಡೆಸಿದ ಪ್ರಯೋಗದ ಫಲವನ್ನು ಪ್ರಕಟಿಸಿದರು. ಅವರು ಕಳುಹಿದ ಸುಮಾರು 5000 ಕಲ್ಪಿತ ಅರ್ಜಿಗಳಲ್ಲಿ ಬಿಳಿಯರದೆಂದು ತೋರುವ ಹೆಸರುಗಳಿಗೆ ಕರಿಯರ ಹೆಸರುಗಳಿಗಿಂತ ಸುಮಾರು ಅರ್ಧದಷ್ಟು ಹೆಚ್ಚು ಕರೆಗಳು ಬಂದವು. ಕಾಗದದ ಮೇಲಿನ ಬರಿಯ ಹೆಸರೇ ಇಷ್ಟು ಮಾಡಬಲ್ಲುದಾದರೆ ಬಣ್ಣ, ಉಡುಪು, ಉಚ್ಚಾರಗಳು ಎಲ್ಲವೂ ಮೊದಲ ಬಾಗಿಲಲ್ಲೇ ಕಾಣಿಸಿಕೊಂಡಾಗ ಏನಾದೀತು? ಅದೇ ಅಮೇರಿಕೆಯ ದೊಡ್ಡ ವಾದ್ಯವೃಂದಗಳು 1970ರ ದಶಕದಿಂದೀಚೆಗೆ ವಾದಕರನ್ನು ಆರಿಸುವಾಗ ಅವರನ್ನು ಪರದೆಯ ಹಿಂದೆ ಕುಳ್ಳಿರಿಸಿ ನಾದವನ್ನಷ್ಟೇ ಕೇಳುವ ಕ್ರಮವನ್ನು ಹಾಕಿಕೊಂಡವು. ಒಂದು ಕಡೆ ಪರದೆ ಇಳಿಸಿದವರು ಇನ್ನೊಂದು ಕಡೆ ಪರದೆ ಎತ್ತುತ್ತಿದ್ದಾರೆ!

ನಮ್ಮ ನಾಡಿನ ಮಾತಿಗೆ ಬರೋಣ. ಆಳಂದದ ಕಡೆಯ ಒಬ್ಬ ಹುಡುಗಿ, ಮನೆತನದಲ್ಲಿ ಮೊದಲನೆಯ ಪದವೀಧರೆ, ಬೆಂಗಳೂರಿನ ಸಂಸ್ಥೆಯೊಂದಕ್ಕೆ ಅರ್ಜಿ ಹಾಕುವಳೆಂದು ಭಾವಿಸಿರಿ. ಅವಳ ಲೆಕ್ಕಶಾಸ್ತ್ರವು ಯಾರಿಗೂ ಕಡಿಮೆಯಿಲ್ಲ. ಆದರೆ ಗದ್ದಲವಿಲ್ಲದ ಕೋಣೆಯನ್ನು ಅವಳೆಲ್ಲಿಂದ ತರಬೇಕು? ಹಾಸ್ಟೆಲಿನಲ್ಲಿ ಆರು ಜನರ ನಡುವೆ ನಿಂತು, ಅಭ್ಯಾಸವಿಲ್ಲದ ಇಂಗ್ಲಿಷಿನಲ್ಲಿ, ತಗಡಿನ ಪೆಟ್ಟಿಗೆಗಳು ಹಿಂದೆ ಕಾಣುತ್ತಿರಲು ಅವಳು ಆಡುವ ಮಾತಿಗೂ, ಜಯನಗರದ ಮನೆಯಲ್ಲಿ ಪುಸ್ತಕದ ಕಪಾಟಿನ ಮುಂದೆ ಕುಳಿತವನ ಮಾತಿಗೂ ಒಂದೇ ತಕ್ಕಡಿಯೆ? ಉಗ್ಗುವವನ ಗತಿ ಏನು? ಕಿವುಡ ಮೂಗರ ಪಾಡೇನು? ವಿಕಲಚೇತನರ ಹಕ್ಕುಗಳ 2016ರ ಕಾಯಿದೆಯು ಪ್ರತಿಯೊಂದು ಸಂಸ್ಥೆಯೂ ಸಮಾನಾವಕಾಶದ ನೀತಿಯನ್ನು ಪ್ರಕಟಿಸಬೇಕೆಂದು ವಿಧಿಸಿರುವುದು ಕಾಗದದ ಮೇಲೆಯೇ ಉಳಿಯಬೇಕೆ?

ಕೆಲವೇ ನಿಮಿಷಗಳ ಮುಖದರ್ಶನದಿಂದ ಯೋಗ್ಯತೆಯನ್ನು ತೂಗಲಾಗದೆಂಬ ಮಾತು ನಮ್ಮೊಬ್ಬರದೇ ಅಲ್ಲ. 2015ರ ಆಗಸ್ಟ್ 15ರಂದು ಪ್ರಧಾನಮಂತ್ರಿಗಳು ಕೆಂಪು ಕೋಟೆಯಿಂದ ಆಡಿದ ಮಾತಿನಂತೆ ಕೇಂದ್ರ ಸರಕಾರದ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವು 2016ರ ಜನವರಿ 1ರಿಂದ ರದ್ದಾಯಿತು. ಸಂದರ್ಶನವು ಶಿಫಾರಸಿಗೂ ಲಂಚಕ್ಕೂ ದಾರಿಯಾಗುವುದೆಂಬುದೇ ಅದಕ್ಕೆ ಕಾರಣವಾಗಿತ್ತು. ಸರಕಾರವು ಮುಚ್ಚಿದ ಬಾಗಿಲನ್ನು ಖಾಸಗಿ ಸಂಸ್ಥೆಗಳು ಬೇರೆ ಹೆಸರಿನಿಂದ ತೆರೆಯುತ್ತಿವೆ.

ಹಾಗೆಂದು ವಿಡಿಯೋ ಎಲ್ಲಿಯೂ ಸಲ್ಲದೆಂದು ನಾವು ಹೇಳುವುದಿಲ್ಲ. ಪಾಠ ಹೇಳುವವರು, ವಾರ್ತೆ ಓದುವವರು, ಗಿರಾಕಿಗಳೊಡನೆ ಮಾತನಾಡಿ ಸರಕು ಮಾರುವವರು ಇವರ ಮಾತೇ ಇವರ ಕಸುಬು. ಅದನ್ನು ಕೇಳುವುದು ನ್ಯಾಯ. ಇನ್ನೂ ಮುಖ್ಯವಾಗಿ, ಕಾಗದವು ಎಂದೂ ಹೇಳಲಾರದ ಯೋಗ್ಯತೆಗಳುಂಟು. ಐ.ಟಿ.ಐ. ಕಲಿತ ಹುಡುಗನು ಲೇತ್ ಯಂತ್ರದ ಮೇಲೆ ಉಕ್ಕನ್ನು ಕಡೆಯುವುದನ್ನು, ಬೆಸುಗೆಯವನು ತನ್ನ ಬೆಸುಗೆಯನ್ನು, ಹೊಲಿಗೆಯವಳು ತನ್ನ ಹೊಲಿಗೆಯನ್ನು 60 ಸೆಕೆಂಡುಗಳಲ್ಲಿ ತೋರಿಸಿದರೆ ಎರಡು ಪುಟಗಳ ಬರಹಕ್ಕಿಂತ ಮೇಲು. ಅಲ್ಲಿ ಕ್ಯಾಮರಾ ಕೈಯನ್ನು ನೋಡುತ್ತದೆ, ಮುಖವನ್ನಲ್ಲ. ವಿಡಿಯೋ ಕಳುಹಲೇಬೇಕಾದ ನಮ್ಮ ತರುಣರು ಇದನ್ನು ನೆನಪಿನಲ್ಲಿಡಲಿ: ಹಗಲು ಹೊತ್ತು ಕಿಟಕಿಗೆ ಎದುರಾಗಿ ಕುಳಿತು, ಬಾಯಿಪಾಠ ಒಪ್ಪಿಸದೆ, ತಾನು ಮಾಡಿದ ಒಂದು ಕೆಲಸವನ್ನು ತೋರಿಸಿ ಅದನ್ನು ಹೇಗೆ ಮಾಡಿದೆನೆಂದು ಹೇಳಿದರೆ ಸಾಕು. ತನ್ನ ಗುಣಗಳನ್ನು ತಾನೇ ಹೊಗಳಿಕೊಳ್ಳುವ ಗೋಜಿಗೆ ಹೋಗಬೇಕಿಲ್ಲ.

ಆದರೆ ಹೊಣೆಯನ್ನೆಲ್ಲ ನೌಕರಿ ಬೇಡುವವನ ತಲೆಗೇ ಕಟ್ಟುವುದು ಅನ್ಯಾಯ. ಅಮೇರಿಕೆಯ ಇಲಿನಾಯ್ ಪ್ರಾಂತದಲ್ಲಿ 2020ರ ಜನವರಿಯಿಂದ ಒಂದು ಕಾಯಿದೆಯಿದೆ: ಯಂತ್ರದಿಂದ ವಿಡಿಯೋ ಪರೀಕ್ಷಿಸುವವರು ಅದನ್ನು ಮೊದಲೇ ತಿಳಿಸಬೇಕು, ಒಪ್ಪಿಗೆ ಪಡೆಯಬೇಕು, ಅಭ್ಯರ್ಥಿಯು ಕೇಳಿದರೆ 30 ದಿನಗಳೊಳಗೆ ಅಳಿಸಬೇಕು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಸಮ್ಮತಿಯ ಮಾತನ್ನೂ ಅಳಿಸುವ ಮಾತನ್ನೂ ಆಡಿದೆ. ಆದರೆ ಹಸಿದವನು ಕೊಡುವ ಸಮ್ಮತಿಗೆ ಬೆಲೆಯೆಷ್ಟು? ಬೆಂಗಳೂರಿನ ಸಂಸ್ಥೆಗಳು ಮೊದಲ ಸುತ್ತಿನಲ್ಲಿ ಕಾಗದವನ್ನೇ ಓದಲಿ. ಅದರಲ್ಲಿ ಆಯ್ದವರಿಂದ ಮಾತ್ರ, ಕೆಲಸಕ್ಕೆ ಅಗತ್ಯವಿದ್ದರೆ, ಎಲ್ಲರಿಗೂ ಒಂದೇ ಪ್ರಶ್ನೆಯಿಟ್ಟು ವಿಡಿಯೋ ಕೇಳಲಿ. ಕನ್ನಡಿಗರ ನಡುವಿನ ಕೆಲಸವಾದರೆ ಕನ್ನಡದಲ್ಲಿ ಉತ್ತರಿಸಲು ಬಿಡಲಿ. ಕಳುಹಲಾರದವರಿಗೆ ಬರೆದು ಉತ್ತರಿಸುವ ಅವಕಾಶವಿರಲಿ. ಆಯ್ಕೆ ಮುಗಿದ ತಿಂಗಳೊಳಗೆ ಎಲ್ಲವನ್ನೂ ಅಳಿಸಲಿ. ಉದ್ಯಮಿಗಳ ಸಂಘಗಳು ಇದನ್ನು ತಾವಾಗಿಯೇ ಒಪ್ಪಿಕೊಂಡರೆ ಲೇಸು. ಒಪ್ಪದಿದ್ದರೆ ರಾಜ್ಯದ ಕಾರ್ಮಿಕ ಇಲಾಖೆಯು ಇಲಿನಾಯ್ ಕಾಯಿದೆಯನ್ನು ತರಿಸಿಕೊಂಡು ಓದಿ, ಶಾಸನಸಭೆಯ ಮುಂದೆ ಮಸೂದೆಯೊಂದನ್ನು ತರಬೇಕೆಂದು ನಾವು ಆಗ್ರಹಪಡಿಸುತ್ತೇವೆ.